ರಕ್ತನಾಳವನ್ನು ಕರೆಸಿಕೊಳ್ಳುವ ಸಾಸಿವೆಕಾಳು

ಗೊರಗುಂಟೆಪಾಳ್ಯದಲ್ಲಿ ತುಮಕೂರು ರೋಡಿಗೆ ರಿಂಗ್ ರೋಡು ಬಂದು ಸೇರುವಲ್ಲಿ ನಿಂತರೆ ಊರು ಹೇಗೆ ಬೆಳೆಯುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಖಾಲಿ ಸೈಟಿನಲ್ಲಿ ಮೊದಲೊಂದು ಶೆಡ್ಡು, ಹಿಂದೆಯೇ ಕರೆಂಟ್ ಕಂಬ, ನೀರಿನ ಪೈಪು, ಆಮೇಲೆ ರಸ್ತೆ. ಹೆಣ್ಣಿನ ಕಿಬ್ಬೊಟ್ಟೆಯೊಳಗೂ ಹೀಗೇ ನಡೆಯುತ್ತದೆಂದು ತಿಳಿದಾಗ ಮೈ ಜುಮ್ಮೆಂದಿತು!

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅದರ ಹೊರಗೆಲ್ಲೋ ಬೇರೂರಿದರೆ ಎಂಡೊಮೆಟ್ರಿಯೋಸಿಸ್. ಅಂಡಾಶಯದಲ್ಲಿ ಗಡ್ಡೆ ಕಟ್ಟಿದರೆ ಅದೇ ‘ಚಾಕೊಲೇಟ್ ಸಿಸ್ಟ್’. ಮುಟ್ಟಿನ ರಕ್ತ ಸ್ವಲ್ಪ ಹಿಮ್ಮುಖವಾಗಿ ಹರಿದು ಹೊಟ್ಟೆಯೊಳಗೆ ಇಳಿಯುತ್ತದೆ, ಜೊತೆಗೆ ಜೀವಕೋಶಗಳೂ ಇಳಿಯುತ್ತವೆ ಎಂದು ವೈದ್ಯ ಜಾನ್ ಸ್ಯಾಂಪ್ಸನ್ 1927ರಲ್ಲೇ ವಾದಿಸಿದ್ದರು. ಆದರೆ ಸಾಸಿವೆಯಷ್ಟು ತುಣುಕು ಅಲ್ಲಿ ಬದುಕುವುದಾದರೂ ಹೇಗೆ? ಸ್ವಂತ ರಕ್ತನಾಳವಿಲ್ಲ, ಸಾಕಷ್ಟು ಆಮ್ಲಜನಕವಿಲ್ಲ. ಉಸಿರಿಗಾಗಿ ಚಡಪಡಿಸುವ ಆ ಜೀವಕೋಶಗಳು ವಿಇಜಿಎಫ್ ಎಂಬ ಪ್ರೋಟೀನು ಸುರಿಸುತ್ತವೆ. ಪಕ್ಕದ ರಕ್ತನಾಳ ಅದರ ಜಾಡು ಹಿಡಿದು ಚಿಗುರುತ್ತದೆ, ಅತ್ತಲೇ ಬಾಗಿ ಬೆಳೆಯುತ್ತದೆ! ಕಸ ಬಳಿಯಲೆಂದು ಓಡಿಬಂದ ಮ್ಯಾಕ್ರೊಫೇಜ್ ಎಂಬ ರಕ್ಷಕ ಜೀವಕೋಶಗಳು ತಾವೂ ವಿಇಜಿಎಫ್ ಸುರಿಸುತ್ತವೆ, ಐಎಲ್-6, ಟಿಎನ್‌ಎಫ್‌ನಂಥ ಉರಿಯೂತದ ಸಂದೇಶ ಹಬ್ಬಿಸುತ್ತವೆ. ಬೆಂಕಿ ಆರಿಸಲು ಬಂದವರೇ ಸೌದೆ ಒಟ್ಟಿದ ಹಾಗೆ.

ಈ ಸಂದೇಶಗಳು ಒಂದಿಷ್ಟಾದರೂ ರಕ್ತಕ್ಕೆ ಸೋರಬೇಕಲ್ಲವೆ? ತೋಳಿನಿಂದ ತೆಗೆದ ಒಂದು ಟ್ಯೂಬ್ ರಕ್ತ ಸಾಕಾಗಬಾರದೆ? ಇದೇ ಆಸೆಯಿಂದ ವಿಜ್ಞಾನಿಗಳು ನೂರಕ್ಕೂ ಹೆಚ್ಚು ಗುರುತುಗಳನ್ನು ಹುಡುಕಿದ್ದಾರೆ. ಅವೆಲ್ಲವನ್ನೂ ಕಾಕ್ರೇನ್ ಸಂಸ್ಥೆ 2016ರಲ್ಲಿ ತೂಗಿ ನೋಡಿದಾಗ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೋಸ್ಕೋಪಿಯ ಜಾಗದಲ್ಲಿ ನಿಲ್ಲಬಲ್ಲದ್ದು ಒಂದೂ ಸಿಗಲಿಲ್ಲ. ಹೆಸರುವಾಸಿಯಾದ ಸಿಎ-125 ಎಂಬ ಪ್ರೋಟೀನು ಕೂಡ ಫೈಬ್ರಾಯ್ಡ್ ಇದ್ದರೂ ಏರುತ್ತದೆ, ಬರೀ ಮುಟ್ಟಾದರೂ ಏರುತ್ತದೆ.

ಯಾಕೆ ಹೀಗೆ? ಇಲ್ಲಿರುವುದು ಇನ್ನೂ ದೊಡ್ಡ ಬೆರಗು. ಆರೋಗ್ಯವಂತ ಗರ್ಭಕೋಶವೂ ತಿಂಗಳು ತಿಂಗಳು ಹೊಸ ರಕ್ತನಾಳ ಕಟ್ಟುತ್ತದೆ, ಕಳಚುತ್ತದೆ. ಬೆಳೆದವರ ದೇಹದಲ್ಲಿ ಹೀಗೆ ಮಾಡುವ ಜಾಗಗಳು ತೀರಾ ಕಡಿಮೆ. ಕಾಯಿಲೆ ಕದ್ದಿರುವುದು ಆ ವಿದ್ಯೆಯನ್ನೇ! ಕದ್ದವರ ದನಿಯೂ ಮನೆಯವರ ದನಿಯೂ ಒಂದೇ ಆದಾಗ ರಕ್ತದಲ್ಲಿ ಬೇರ್ಪಡಿಸುವುದು ಹೇಗೆ? ಹಾಗಾಗಿ ಈಗ ಹಲವು ಗುರುತುಗಳನ್ನು ಒಟ್ಟಿಗೆ ಓದುವ ಪ್ರಯತ್ನ ನಡೆದಿದೆ.

ಜಗತ್ತಿನಲ್ಲಿ ಸುಮಾರು 19 ಕೋಟಿ ಹೆಣ್ಣುಮಕ್ಕಳಿಗೆ ಈ ಕಾಯಿಲೆಯಿದೆ, ಪತ್ತೆಯಾಗಲು ಸರಾಸರಿ 4ರಿಂದ 12 ವರ್ಷ ಹಿಡಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಿಗ್ಗೆ ಇದೇ ಜಂಕ್ಷನ್ ದಾಟಿ ಪೀಣ್ಯದ ಗಾರ್ಮೆಂಟ್ಸ್‌ಗೆ ಓಡುವ ಹುಡುಗಿಯರಲ್ಲಿ ಎಷ್ಟು ಜನ ‘ಡೇಟ್ ನೋವು ತಾನೆ, ಮದುವೆಯಾದರೆ ಸರಿಹೋಗುತ್ತೆ’ ಎಂಬ ಮಾತು ಕೇಳಿಸಿಕೊಂಡೇ ಅಷ್ಟು ವರ್ಷ ಮಾತ್ರೆ ನುಂಗಿರಬೇಕು! ಆ ವರ್ಷಗಳು ಒಂದು ಟ್ಯೂಬ್ ರಕ್ತಕ್ಕೆ, ಒಂದು ಮಧ್ಯಾಹ್ನಕ್ಕೆ ಇಳಿಯುವ ದಿನವನ್ನು ನಾನು ಕಾಯುತ್ತಿದ್ದೇನೆ.