ಉಪೇಕ್ಷೆಯ ನೆರಳಿನಲ್ಲಿ ಬೆಳೆದ ಶಾಸ್ತ್ರ

1972ರ ಸೆಪ್ಟೆಂಬರ್ ತಿಂಗಳಲ್ಲಿ, ಮ್ಯೂನಿಕ್ ನಗರದ ಒಲಿಂಪಿಕ್ ಕ್ರೀಡಾಗ್ರಾಮಕ್ಕೆ ನುಗ್ಗಿದ ಪ್ಯಾಲೆಸ್ಟೀನಿ ಬಂದೂಕುಧಾರಿಗಳ ದೆಸೆಯಿಂದ ಇಸ್ರೇಲಿನ ತಂಡದ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡ ವಾರ್ತೆಯನ್ನು ಲೋಕವೆಲ್ಲ ದೂರದರ್ಶನದ ಮುಂದೆ ಕುಳಿತು ಕಂಡು ನಡುಗುತ್ತಿದ್ದ ಹೊತ್ತಿಗೆ, ಅಮೆರಿಕದ ವಿದ್ವತ್ಪತ್ರಿಕೆಯೊಂದರ ಅದೇ ತಿಂಗಳ ಸಂಚಿಕೆಯಲ್ಲಿ, ವರ್ಜೀನಿಯಾ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಕ್ರಾಂತಿಕಾರಿ ಭಯೋತ್ಪಾದನೆಯೆಂಬ ಪರಿಕಲ್ಪನೆಯನ್ನು ಕುರಿತು ಬರೆದ ಪ್ರಬಂಧವು ಅಚ್ಚಾಗಿ ಹೊರಬಿದ್ದಿತು. ಪ್ರಬಂಧಕ್ಕೂ ಮ್ಯೂನಿಕ್ಕಿನ ರಕ್ತಪಾತಕ್ಕೂ ಯಾವ ಸಂಬಂಧವೂ ಇರಲಿಲ್ಲ; ಅದರ ಆಧಾರವೆಲ್ಲ ಹತ್ತು ವರ್ಷಗಳ ಹಿಂದೆಯೇ ಮುಗಿದುಹೋಗಿದ್ದ ಆಲ್ಜೀರಿಯದ ಯುದ್ಧ. ಲೇಖಕಿಯ ಹೆಸರು ಮಾರ್ಥಾ ಕ್ರೆನ್‌ಷಾ. ಈಚಿನ ಐವತ್ತು ವರ್ಷಗಳಲ್ಲಿ ಭಯೋತ್ಪಾದನೆಯ ಅಧ್ಯಯನವೆಂಬ ಕ್ಷೇತ್ರದಲ್ಲಿ ಆಕೆಯನ್ನು ಉಲ್ಲೇಖಿಸದೆ ಬರೆದವರು ವಿರಳ.

ಮ್ಯೂನಿಕ್ಕಿನ ತರುವಾಯ ಸರ್ಕಾರಗಳಿಗೇನೋ ಎಚ್ಚರವಾಯಿತು. ಆ ತಿಂಗಳು ಮುಗಿಯುವುದರೊಳಗಾಗಿಯೇ ಅಧ್ಯಕ್ಷ ನಿಕ್ಸನ್ನರು ಈ ವಿಷಯಕ್ಕೆಂದು ಸಂಪುಟದ ಸಮಿತಿಯೊಂದನ್ನು ನೇಮಿಸಿದರು. ವಿಶ್ವವಿದ್ಯಾನಿಲಯಗಳ ನಿದ್ರೆ ಅಷ್ಟು ಸುಲಭವಾಗಿ ಹರಿಯಲಿಲ್ಲ. ಅಂದಿನ ರಾಜ್ಯಶಾಸ್ತ್ರಜ್ಞರಿಗೆ ಅಣ್ವಸ್ತ್ರಗಳ ಸಮತೋಲ, ಮಹಾಶಕ್ತಿಗಳ ಸ್ಪರ್ಧೆ, ಪಕ್ಷಗಳು, ಚುನಾವಣೆಗಳು, ಇವು ಗಂಭೀರ ವಿಷಯಗಳು. ಬೆರಳೆಣಿಕೆಯ ಜನ ಅಡಗಿ ಕುಳಿತು ಸಿಡಿಸುವ ಬಾಂಬು ಪೊಲೀಸರ ಕಡತಕ್ಕೆ ಸೇರತಕ್ಕದ್ದೇ ಹೊರತು ಶಾಸ್ತ್ರಕ್ಕಲ್ಲವೆಂಬ ಭಾವನೆ ಬಲವಾಗಿದ್ದಿತು. ಲಾಸ್ ಏಂಜಲಿಸ್ಸಿನಲ್ಲಿ ಡೇವಿಡ್ ರಾಪೊಪೋರ್ಟ್, ರ್‍ಯಾಂಡ್ ಸಂಸ್ಥೆಯಲ್ಲಿ ಬ್ರಯನ್ ಜೆಂಕಿನ್ಸ್, ಇತಿಹಾಸಕಾರರ ಪೈಕಿ ವಾಲ್ಟರ್ ಲಾಕರ್, ಇಂಥ ಕೆಲವರನ್ನು ಬಿಟ್ಟರೆ ಈ ದಾರಿಯಲ್ಲಿ ನಡೆದವರು ಹೆಚ್ಚಿಲ್ಲ. ಕ್ರೆನ್‌ಷಾ 1974ರಲ್ಲಿ ಕನೆಕ್ಟಿಕಟ್ ರಾಜ್ಯದ ಮಿಡ್ಲ್‌ಟೌನ್ ಎಂಬ ಸಣ್ಣ ಊರಿನ ವೆಸ್ಲಿಯನ್ ವಿಶ್ವವಿದ್ಯಾನಿಲಯವನ್ನು ಸೇರಿ, ಮೂವತ್ತಮೂರು ವರ್ಷಕಾಲ ಅಲ್ಲಿಯೇ ಪಾಠ ಹೇಳಿದರು. ಆ ಸಂಸ್ಥೆಯ ಜೀವಾಳ ಪದವಿ ತರಗತಿಗಳ ಬೋಧನೆ. ರಾಜಧಾನಿಯ ಮಂತ್ರಾಲಯಗಳಿಗೆ ಸಲಹೆಯನ್ನು ಸರಬರಾಜು ಮಾಡತಕ್ಕ ಕೇಂದ್ರವಲ್ಲ ಅದು. ಈ ಶಾಸ್ತ್ರದ ಮೂಲಭೂತ ಪರಿಕಲ್ಪನೆಗಳಲ್ಲಿ ಒಂದು ದೊಡ್ಡ ಪಾಲು ಹುಟ್ಟಿದ್ದು ಅಂಥ ಏಕಾಂತದಲ್ಲಿ, ಯಾರಿಗೂ ತುರ್ತಾಗಿ ಉತ್ತರ ಬೇಕಿಲ್ಲದಿದ್ದ ಕಾಲದಲ್ಲಿ, ಎಂಬುದು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ.

ಆಲ್ಜೀರಿಯವನ್ನೇ ನೋಡೋಣ. 1954ರ ನವೆಂಬರ್ 1ರಂದು ರಾಷ್ಟ್ರೀಯ ವಿಮೋಚನಾ ರಂಗವು ಫ್ರೆಂಚರ ಆಳ್ವಿಕೆಯ ಮೇಲೆ ದಂಡೆತ್ತಿದಾಗ ಅದರ ಬಳಿ ಇದ್ದ ಆಯುಧಗಳೂ ಅಲ್ಪ, ಜನಬಲವೂ ಅಲ್ಪ. 1956ರ ಜೂನ್ ತಿಂಗಳಲ್ಲಿ ಆ ರಂಗದ ಇಬ್ಬರು ಬಂದಿಗಳನ್ನು ಆಲ್ಜಿಯರ್ಸಿನ ಸೆರೆಮನೆಯಲ್ಲಿ ಗಿಲೊಟಿನ್ನಿಗೆ ಕೊಟ್ಟರು. ಪ್ರತೀಕಾರವಾಗಿ ಯೂರೋಪಿಯನ್ನರ ಮೇಲೆ ಬೀದಿಬೀದಿಗಳಲ್ಲಿ ಗುಂಡು ಹಾರಿತು. ಆಗಸ್ಟ್ 10ರ ರಾತ್ರಿ ಯೂರೋಪಿಯನ್ ವಲಸೆಗಾರರಲ್ಲಿಯ ಉಗ್ರರು ಹಳೆಯ ಊರಾದ ಕಸ್ಬಾದ ತೀಬ್ಸ್ ಬೀದಿಯಲ್ಲಿ ಬಾಂಬಿಟ್ಟು ನಿದ್ರಿಸುತ್ತಿದ್ದ ಮನೆಮಂದಿಯನ್ನು ಕೊಂದರು. ಸೆಪ್ಟೆಂಬರ್ 30ರ ಸಂಜೆ, ಯೂರೋಪಿಯನ್ನರ ಬಡಾವಣೆಯ ಮಿಲ್ಕ್ ಬಾರ್ ಎಂಬ ಉಪಾಹಾರಗೃಹದಲ್ಲಿಯೂ ಇನ್ನೊಂದು ಕೆಫೆಯಲ್ಲಿಯೂ ಬಾಂಬುಗಳು ಸಿಡಿದುವು. ಮಿಲ್ಕ್ ಬಾರಿನಲ್ಲಿ ಬಾಂಬಿನ ಚೀಲವನ್ನು ಇಟ್ಟು ಬಂದವಳು ಜೊಹ್ರಾ ದ್ರಿಫ್, ಆಲ್ಜಿಯರ್ಸ್ ವಿಶ್ವವಿದ್ಯಾನಿಲಯದ ಕಾನೂನು ವಿದ್ಯಾರ್ಥಿನಿ. ಸ್ವತಂತ್ರ ಆಲ್ಜೀರಿಯದಲ್ಲಿ ಆಕೆ ವಕೀಲೆಯಾದಳು, ಸೆನೆಟಿನ ಸದಸ್ಯೆಯೂ ಆದಳು.

ಈ ಸರಣಿಯನ್ನು ಒಂದೇ ತುದಿಯಿಂದ ಹಿಡಿದು ಓದುವವನಿಗೆ ಒಂದೇ ಬಗೆಯ ಕಥೆ ಸಿಕ್ಕುತ್ತದೆ. ಯಾವ ತುದಿಯೆಂಬುದು ಅವನವನ ಪಕ್ಷಪಾತಕ್ಕೆ ಬಿಟ್ಟದ್ದು. ಕ್ರೆನ್‌ಷಾ ತಮ್ಮ ಸಂಶೋಧನೆಯಲ್ಲಿ, 1978ರಲ್ಲಿ ಪುಸ್ತಕವಾಗಿ ಬಂದ ಅಧ್ಯಯನದಲ್ಲಿ, ಕೇಳಿಕೊಂಡ ಪ್ರಶ್ನೆ ಬೇರೆ: ಈ ಹಿಂಸೆ ಯಾರನ್ನು ಉದ್ದೇಶಿಸಿದ್ದು? ಸತ್ತವರನ್ನು ಮಾತ್ರವೇ ಅಲ್ಲ. ವಲಸೆಗಾರರಲ್ಲಿ ಅಭದ್ರತೆಯನ್ನು ಹುಟ್ಟಿಸಬೇಕಾಗಿತ್ತು. ಪ್ಯಾರಿಸ್ಸಿಗೆ ಯುದ್ಧದ ಬೆಲೆಯನ್ನು ತೋರಿಸಬೇಕಾಗಿತ್ತು. ವಿಶ್ವಸಂಸ್ಥೆಯ ಸಭೆಗೆ ಆಲ್ಜೀರಿಯವೆಂಬುದೊಂದು ಪ್ರಶ್ನೆ ಉಂಟೆಂಬುದನ್ನು ನೆನಪಿಸಬೇಕಾಗಿತ್ತು. 1957ರ ಜನವರಿಯ ಎಂಟು ದಿನಗಳ ಹರತಾಳವನ್ನು ಹೂಡಿದ್ದು ಆ ಚರ್ಚೆಯ ಮುಹೂರ್ತವನ್ನು ನೋಡಿಯೇ. ಎಲ್ಲಕ್ಕಿಂತ ಮಿಗಿಲಾಗಿ, ಆಲ್ಜೀರಿಯದ ಮುಸಲ್ಮಾನ ಜನಸಾಮಾನ್ಯರು ಫ್ರೆಂಚರ ಜೊತೆ ಸಹಕರಿಸದಂತೆ ಮಾಡಬೇಕಾಗಿತ್ತು. ವಿಮೋಚನಾ ರಂಗದ ಕೈಯಲ್ಲಿ ಮಡಿದ ನಾಗರಿಕರ ಪೈಕಿ ಯೂರೋಪಿಯನ್ನರಿಗಿಂತ ಆಲ್ಜೀರಿಯನ್ನರೇ ಎಷ್ಟೋ ಪಾಲು ಹೆಚ್ಚು ಎಂಬ ಸಂಗತಿಯನ್ನು ವೀರಗಾಥೆಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಫಲವೇನಾಯಿತು? ಜನರಲ್ ಮಾಸ್ಯುವಿನ ಪ್ಯಾರಾಟ್ರೂಪ್ ಸೈನಿಕರು ಆಲ್ಜಿಯರ್ಸನ್ನು ಹಿಡಿತಕ್ಕೆ ತೆಗೆದುಕೊಂಡು, ಚಿತ್ರಹಿಂಸೆಯನ್ನೇ ವಿಚಾರಣೆಯ ಕ್ರಮವನ್ನಾಗಿ ಮಾಡಿಕೊಂಡು, 1957ರ ಶರತ್ಕಾಲದೊಳಗೆ ಬಾಂಬಿನ ಜಾಲವನ್ನು ನಿರ್ಮೂಲ ಮಾಡಿದರು. ಐದು ವರ್ಷಗಳಾಗುವುದರೊಳಗೆ ಫ್ರಾನ್ಸ್ ದೇಶ ಆಲ್ಜೀರಿಯವನ್ನು ಬಿಟ್ಟು ಹೊರಟಿತು. ಹಾಗಾದರೆ ಭಯೋತ್ಪಾದನೆ ಗೆದ್ದಿತೇ, ಸೋತಿತೇ? ನಗರದಲ್ಲಿ ಸೋತಿತು, ದೇಶದಲ್ಲಿ ಗೆದ್ದಿತು ಎನ್ನುವುದು ಚಮತ್ಕಾರದ ಉತ್ತರ. ಗೆಲುವು ಭಯೋತ್ಪಾದನೆಯದೋ, ಗ್ರಾಮಾಂತರದ ಗೆರಿಲ್ಲ ಯುದ್ಧದ್ದೋ, ಚಿತ್ರಹಿಂಸೆಯ ವಾರ್ತೆಯಿಂದ ಕದಡಿಹೋದ ಫ್ರೆಂಚ್ ಆತ್ಮಸಾಕ್ಷಿಯದೋ ಎಂಬುದನ್ನು ಬಿಡಿಸಿ ತೋರಿಸುವುದು ಸುಲಭವಲ್ಲ. 2003ರ ಆಗಸ್ಟಿನಲ್ಲಿ, ಇರಾಕಿನಲ್ಲಿ ಸಿಕ್ಕಿಕೊಂಡಿದ್ದ ಅಮೆರಿಕದ ಪೆಂಟಗನ್ ತನ್ನ ಅಧಿಕಾರಿಗಳಿಗೆ ‘ಬ್ಯಾಟಲ್ ಆಫ್ ಆಲ್ಜಿಯರ್ಸ್’ ಎಂಬ 1966ರ ಚಲಚ್ಚಿತ್ರವನ್ನು ತೋರಿಸಿತಂತೆ. ಬಾಂಬಿನ ಜಾಲದ ನಾಯಕನಾಗಿದ್ದ ಸಾದಿ ಯಾಸೆಫ್ ತನ್ನ ಪಾತ್ರವನ್ನು ತಾನೇ ಅಭಿನಯಿಸಿದ ಚಿತ್ರವದು! ಎರಡು ಗಂಟೆಗಳ ಚಿತ್ರದಲ್ಲಿ ಅವರು ಯಾವ ಪಾಠವನ್ನು ಹುಡುಕಿದರೋ.

ಕ್ರೆನ್‌ಷಾ 1981ರಲ್ಲಿ ಭಯೋತ್ಪಾದನೆಯ ಕಾರಣಗಳನ್ನು ಕುರಿತು ಇಪ್ಪತ್ತು ಪುಟಗಳಷ್ಟೇ ಇರುವ ಲೇಖನವೊಂದನ್ನು ಪ್ರಕಟಿಸಿದರು. ಅದರ ಯುಕ್ತಿ ಸರಳವಾದುದು, ಆದರೆ ಅದಕ್ಕೆ ಮುನ್ನ ಅಷ್ಟು ಸ್ಪಷ್ಟವಾಗಿ ಯಾರೂ ಜೋಡಿಸಿರಲಿಲ್ಲ. ಹಿನ್ನೆಲೆಯ ಪರಿಸ್ಥಿತಿ ಬೇರೆ, ತತ್‌ಕ್ಷಣದ ಪ್ರಚೋದನೆ ಬೇರೆ. ಅವೆರಡೂ ಕೂಡಿದರೂ ಸಾಲದು, ಸಂಘಟನೆಯೊಂದು ತನ್ನ ಗುರಿಗೆ ಇದೇ ಉಪಾಯವೆಂದು ಲೆಕ್ಕ ಹಾಕಿ ಆರಿಸಿಕೊಳ್ಳಬೇಕು. ಆ ಸಂಘಟನೆಯನ್ನು ಸೇರುವ ವ್ಯಕ್ತಿಗೂ ಅವನದೇ ಆದ ದಾರಿಯಿರಬೇಕು. ದಾರಿದ್ರ್ಯವೇ ಕಾರಣವೆನ್ನುವವರು, ಅದೇ ದಾರಿದ್ರ್ಯದಲ್ಲಿ ಬಾಳುವ ಕೋಟ್ಯಂತರ ಜನ ಬಾಂಬಿನ ಸಮೀಪಕ್ಕೂ ಹೋಗದಿರುವುದಕ್ಕೆ ಏನು ಹೇಳುತ್ತಾರೆ? ಉನ್ಮಾದವೇ ಕಾರಣವೆನ್ನುವವರಿಗೆ ಆಕೆ ಕೊಟ್ಟ ಉತ್ತರ ಇನ್ನೂ ಅಪ್ರಿಯವಾದದ್ದು: ರಷ್ಯದ ಜಾರ್ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನನ್ನು 1881ರಲ್ಲಿ ಕೊಂದ ‘ನರೋದ್ನಯ ವೋಲ್ಯ’ದ ಯುವಜನರಿಂದ ಮೊದಲ್ಗೊಂಡು ಆಲ್ಜಿಯರ್ಸಿನ ಕಾನೂನು ವಿದ್ಯಾರ್ಥಿನಿಯವರೆಗೆ, ಇವರಲ್ಲಿ ಎದ್ದು ಕಾಣುವ ಸಮಾನಗುಣವೆಂದರೆ ಇವರು ಸಾಮಾನ್ಯ ಮನುಷ್ಯರಾಗಿರುವುದೇ. ರಾಕ್ಷಸನನ್ನು ದ್ವೇಷಿಸಿ ನಿಶ್ಚಿಂತನಾಗಬಹುದು; ನೆರೆಮನೆಯವನಂತಿರುವ ಹಂತಕನನ್ನು ಅರಿಯಲು ಓದಬೇಕಾಗುತ್ತದೆ.

ಬೋಧಕನ ಕಷ್ಟ ಪ್ರಾರಂಭವಾಗುವುದೂ ಇಲ್ಲಿಯೇ. ವಿವರಣೆಯನ್ನು ಕೊಟ್ಟ ಕೂಡಲೇ ಅದು ಸಮರ್ಥನೆಯಂತೆ ಕೇಳಿಸುತ್ತದೆ. ಖಂಡನೆಯನ್ನು ಮೊದಲೇ ಮಾಡಿಬಿಟ್ಟರೆ ವಿವರಣೆಗೆ ಎಡೆಯೇ ಉಳಿಯುವುದಿಲ್ಲ. ನಮ್ಮ ದೇಶದ ಯಾವ ತರಗತಿಯಲ್ಲಿಯೇ ಆಗಲಿ ಈ ಪಾಠವನ್ನು ಎತ್ತಿಕೊಂಡರೆ ಹಿಂದಿನ ಬೆಂಚಿನಿಂದ ಭಗತ್ ಸಿಂಗರ ಹೆಸರು ಬಂದೇ ಬರುತ್ತದೆ, ಬರಬೇಕಾದದ್ದೂ ಸರಿಯೇ. 1929ರ ಏಪ್ರಿಲ್ 8ರಂದು ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಯಾರನ್ನೂ ಕೊಲ್ಲದಂತೆ ಬಾಂಬನ್ನೆಸೆದು, ಕರಪತ್ರಗಳನ್ನು ತೂರಿ, ಓಡಿಹೋಗದೆ ನಿಂತು ಸೆರೆಯಾದವರ ಕೃತ್ಯವನ್ನು ಮಿಲ್ಕ್ ಬಾರಿನ ಕೃತ್ಯದ ಪಕ್ಕದಲ್ಲಿಟ್ಟು, ಗುರಿ ಯಾರು, ಪ್ರೇಕ್ಷಕರು ಯಾರು, ಸಾವು ಉದ್ದೇಶವೋ ಅಲ್ಲವೋ ಎಂದು ಒಂದೊಂದನ್ನಾಗಿ ಕೇಳಿಸಿದರೆ ವಿದ್ಯಾರ್ಥಿಗೆ ಎರಡರ ಅಂತರ ತಾನಾಗಿಯೇ ತಿಳಿಯುತ್ತದೆ, ಅಧ್ಯಾಪಕ ತೀರ್ಪು ಹೇಳಬೇಕಾಗಿಲ್ಲ. ಇದಕ್ಕೆ ಬದಲಾಗಿ ಲಕ್ಷಣವಾಕ್ಯದಿಂದ ಹೊರಟೆವೋ, ಕೆಟ್ಟೆವು. ಡಚ್ ವಿದ್ವಾಂಸ ಅಲೆಕ್ಸ್ ಷ್ಮಿಡ್ 1984ರ ತಮ್ಮ ಗ್ರಂಥದಲ್ಲಿ 109 ಲಕ್ಷಣಗಳನ್ನು ಕಲೆಹಾಕಿದರು. ವಿಶ್ವಸಂಸ್ಥೆ ಇಂದಿಗೂ ಒಂದನ್ನು ಒಪ್ಪಿಕೊಂಡಿಲ್ಲ.

2001ರ ಸೆಪ್ಟೆಂಬರ್ 11ರ ಮಾರನೆಯ ದಿನದಿಂದ ಉಪೇಕ್ಷೆಯೆಂಬುದು ಮುಗಿಯಿತು. ತರಗತಿಗಳು ತುಂಬಿ ತುಳುಕಿದುವು, ಅನುದಾನ ಹರಿದುಬಂದಿತು, ನಿನ್ನೆಯವರೆಗೆ ಬೇರೆ ಯಾವುದನ್ನೋ ಬಲ್ಲವರಾಗಿದ್ದ ಎಷ್ಟೋ ಮಂದಿ ಆ ರಾತ್ರಿಯ ದೂರದರ್ಶನದಲ್ಲಿ ಈ ವಿಷಯದ ತಜ್ಞರಾಗಿ ಉದಯಿಸಿದರು. ಮಳೆಗಾಲದ ಮೊದಲ ರಾತ್ರಿಯ ದೀಪದ ಹುಳುಗಳನ್ನು ನೆನೆದು ಸುಮ್ಮನಾಗುತ್ತೇನೆ. ಹಣದಿಂದ ಒಳಿತೇ ಆಗಲಿಲ್ಲವೆಂದರೆ ಅನ್ಯಾಯವಾದೀತು. ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯವರು 1970ರಿಂದ 1997ರವರೆಗೆ ಲೋಕದ ಭಯೋತ್ಪಾದಕ ಕೃತ್ಯಗಳನ್ನು ಚೀಟಿಗಳ ಮೇಲೆ ಬರೆದಿಟ್ಟಿದ್ದರು. ಅಪರಾಧಶಾಸ್ತ್ರಜ್ಞ ಗ್ಯಾರಿ ಲಾಫ್ರೀ ಆ ಪೆಟ್ಟಿಗೆಗಳನ್ನು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯಕ್ಕೆ ತರಿಸಿ, ವಿದ್ಯಾರ್ಥಿಗಳ ಕೈಯಿಂದ ಒಂದೊಂದು ಚೀಟಿಯನ್ನೂ ಗಣಕಕ್ಕೆ ಏರಿಸಿ, ಇಂದು ಎರಡು ಲಕ್ಷಕ್ಕೂ ಮಿಕ್ಕ ಘಟನೆಗಳುಳ್ಳ ದತ್ತಾಂಶಕೋಶಕ್ಕೆ ಅಡಿಪಾಯ ಹಾಕಿದರು. ಆ ಕೋಶದಲ್ಲಿ 1993ನೆಯ ಇಸವಿಯೇ ಇಲ್ಲ: ಪಿಂಕರ್ಟನ್ ಕಚೇರಿಯನ್ನು ಸ್ಥಳಾಂತರಿಸುವಾಗ ಆ ವರ್ಷದ ಪೆಟ್ಟಿಗೆ ಕಳೆದುಹೋಯಿತು. ಮುಂಬಯಿಯ ಸರಣಿ ಸ್ಫೋಟಗಳ ವರ್ಷವದು; ಲೆಕ್ಕ ಹಾಕುವವರು ನೆನಪಿಡಬೇಕಾದ ಸಂಗತಿ.

ಅಂಕಿಗಳು ಬೆಳೆದ ವೇಗದಲ್ಲಿ ಅರಿವು ಬೆಳೆಯಲಿಲ್ಲ. ಸರ್ಕಾರದ ಬಳಿ ಸಾಮಗ್ರಿಯುಂಟು, ಅದನ್ನು ವಿಶ್ಲೇಷಿಸುವ ವಿಧಾನವಿಲ್ಲ; ವಿದ್ವಾಂಸರ ಬಳಿ ವಿಧಾನವುಂಟು, ಸಾಮಗ್ರಿಯಿಲ್ಲ ಎಂದು ಮಾರ್ಕ್ ಸೇಜ್ಮನ್ 2014ರಲ್ಲಿ ದೂರಿದಾಗ ಹಲವರು ಪ್ರತಿಭಟಿಸಿದರು. ದೂರಿನ ಅರ್ಧವಾದರೂ ನಿಜವೆಂದು ನನ್ನ ಎಣಿಕೆ. ಸಾಮಗ್ರಿಯನ್ನು ತಾವೇ ಸಂಪಾದಿಸಹೊರಟ ವಿದ್ವಾಂಸರ ಪಾಡೇನಾಯಿತೆಂಬುದಕ್ಕೆ ಬೋಸ್ಟನ್ ಕಾಲೇಜಿನ ಧ್ವನಿಮುದ್ರಿಕೆಗಳೇ ಸಾಕ್ಷಿ. ಉತ್ತರ ಐರ್ಲೆಂಡಿನ ಹಿಂದಿನ ಸಶಸ್ತ್ರ ಹೋರಾಟಗಾರರು, ತಾವು ಬದುಕಿರುವವರೆಗೆ ಹೊರಗೆಡಹುವುದಿಲ್ಲವೆಂಬ ಭರವಸೆಯ ಮೇಲೆ, 2001ರಿಂದ ಐದಾರು ವರ್ಷ ತಮ್ಮ ಕಥೆಯನ್ನು ಹೇಳಿಕೊಂಡರು. 2011ರಲ್ಲಿ ಪೊಲೀಸರ ಕೋರಿಕೆಯ ಮೇರೆಗೆ ನ್ಯಾಯಾಲಯದ ಆಜ್ಞೆ ಬಂದಿತು, ಭರವಸೆ ನಿಲ್ಲಲಿಲ್ಲ. ಇನ್ನು ಮುಂದೆ ಯಾವ ಹೋರಾಟಗಾರ ಯಾವ ಸಂಶೋಧಕನ ಮುಂದೆ ಬಾಯಿ ಬಿಟ್ಟಾನು?

ವಿದ್ವತ್ತಿನ ಪ್ರಪಂಚ ಈ ಹಿಂಸೆಯನ್ನು ದೂರದಿಂದಲೇ ನೋಡುತ್ತದೆನ್ನುವ ಹಾಗೂ ಇಲ್ಲ. 2005ರ ಡಿಸೆಂಬರ್ 28ರ ಸಂಜೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕಾರ್ಯಾಚರಣ ಸಂಶೋಧನೆಯೆಂಬ ಗಣಿತಶಾಖೆಯ ಸಮ್ಮೇಳನ ಮುಗಿಸಿ ಟಾಟಾ ಸಭಾಂಗಣದಿಂದ ಹೊರಬರುತ್ತಿದ್ದವರ ಮೇಲೆ ಗುಂಡು ಹಾರಿ, ದೆಹಲಿಯ ಐ.ಐ.ಟಿ.ಯ ನಿವೃತ್ತ ಪ್ರಾಧ್ಯಾಪಕರೊಬ್ಬರು ಅಸುನೀಗಿದರು. ಸಂಸ್ಥೆಯ ಆವರಣಕ್ಕೆ ಹೋಗಿಬರುವವರನ್ನು ಅಂದಿನವರೆಗೆ ಅಷ್ಟಾಗಿ ಯಾರೂ ತಡೆಯುತ್ತಿರಲಿಲ್ಲ. ತಪಾಸಣೆ ಬಿಗಿಯಾದದ್ದು ಆ ಮೇಲೆ.

ಕ್ರೆನ್‌ಷಾ 2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಉಗ್ರ ಸಂಘಟನೆಗಳು ಒಡೆಯುವುದನ್ನೂ ಕೂಡುವುದನ್ನೂ ವಿದ್ಯಾರ್ಥಿಗಳ ನೆರವಿನಿಂದ ನಕ್ಷೆಗಳಲ್ಲಿ ಗುರುತಿಸುವ ಕಾರ್ಯವನ್ನು ಅಲ್ಲಿ ಕೈಗೊಂಡರು. 2001ರ ಬಳಿಕ ಹುಟ್ಟಿರುವುದು ಹೊಚ್ಚಹೊಸ ಬಗೆಯ ಭಯೋತ್ಪಾದನೆ, ಹಿಂದಿನ ಅನುಭವ ಅದಕ್ಕೆ ಸಲ್ಲದು ಎಂಬ ವಾದ ಪ್ರಬಲವಾಗಿದ್ದಾಗ, ವ್ಯತ್ಯಾಸ ಪ್ರಮಾಣದ್ದೇ ಹೊರತು ಜಾತಿಯದಲ್ಲವೆಂದು ಪಟ್ಟು ಹಿಡಿದರು. ಆಲ್ಜೀರಿಯವನ್ನು ಓದಿದವರಿಗೆ ಆ ಮಾತು ಬರುವುದು ಸಹಜ. ಲಾಫ್ರೀಯವರ ಜೊತೆಗೂಡಿ 2017ರಲ್ಲಿ ಬರೆದ ಪುಸ್ತಕದಲ್ಲಿ ಆಕೆ ಅಧಿಕಾರಸ್ಥರ ಮುಂದಿಟ್ಟದ್ದು ಹಿತವಾದ ಸಮಾಚಾರವಲ್ಲ. ದೊಡ್ಡ ಕೃತ್ಯಗಳು ಅಪರೂಪ. ಅಪರೂಪದ ಸಂಗತಿಯಿಂದ ನಿಯಮವನ್ನು ತೆಗೆಯುವುದು ಕಷ್ಟ. ಬಹಳಷ್ಟು ಕೃತ್ಯಗಳನ್ನು ಯಾರು ಮಾಡಿದರೆಂಬುದೇ ಖಚಿತವಾಗುವುದಿಲ್ಲ. ನಡೆಯದೆ ವಿಫಲವಾದ ಸಂಚುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯಾವ ನೀತಿ ಫಲಿಸಿತೆಂದು ಹೇಳುವಂತಿಲ್ಲ. ಮುಂದಿನ ದಾಳಿ ಎಲ್ಲಿ, ಯಾವಾಗ ಎಂದು ಕೇಳಲು ಬಂದ ಅಧಿಕಾರಿ ಈ ಪುಟಗಳನ್ನು ಮಗುಚಿ ನಿಟ್ಟುಸಿರಿಟ್ಟರೆ ತಪ್ಪೇನೂ ಇಲ್ಲ. ಅವನಿಗೆ ಬೇಕಾದದ್ದು ನಾಳೆಯ ಬೆಳಗಿಗೆ, ಈ ಪುಸ್ತಕವೋ ನಲವತ್ತೈದು ವರ್ಷದ ಓದಿನಿಂದ ಬಂದದ್ದು.