ರಾಜ್ಯವಿಲ್ಲದ ಪಟ್ಟಕ್ಕೆ ಯಾರು?

ಹೆಜಮಾಡಿಯಿಂದ ದಕ್ಷಿಣಕ್ಕೆ ಶಾಂಭವಿ ಹೊಳೆ ದಾಟಿದರೆ ಉಡುಪಿ ಜಿಲ್ಲೆ ಮುಗಿಯಿತು, ಮುಲ್ಕಿ ಬಂತು. ಅಲ್ಲಿಂದ ಸ್ವಲ್ಪವೇ ಮುಂದೆ ಪಡುಪಣಂಬೂರಿನಲ್ಲಿ ಸಾವಂತರ ಅರಮನೆ ಈಗಲೂ ಇದೆ. ಅದರ ಗಡಿ (ಪಟ್ಟದ ಪೀಠ) ಏರಿದವರನ್ನು ಸೀಮೆಯವರು ಈಗಲೂ ಅರಸರೆಂದೇ ಕರೆಯುತ್ತಾರೆ, ಅರಸು ಕಂಬಳವೂ ನಡೆಯುತ್ತದೆ. ಆದರೆ ಅರಸರಿಗೆ ರಾಜ್ಯವಿಲ್ಲ. ಕೆಳದಿಯ ನಾಯಕರಿಗೆ ಕಪ್ಪ ಕೊಟ್ಟ ಕಾಲದಿಂದ ಹೈದರ್, ಟಿಪ್ಪು, 1799ರ ನಂತರ ಕಂಪನಿ ಸರ್ಕಾರದವರೆಗೆ ತುಳುನಾಡಿನ ಜೈನ ಅರಸುಮನೆಗಳ ಅಧಿಕಾರ ಕರಗುತ್ತಲೇ ಬಂತು. 1974ರ ಭೂಸುಧಾರಣೆಯಲ್ಲಿ ಅರಸುಮನೆ, ಗುತ್ತುಮನೆಗಳ (ಊರಿನ ಮುಖ್ಯ ಮನೆತನಗಳ) ಗೇಣಿಭೂಮಿ ಒಕ್ಕಲುಗಳ ಹೆಸರಿಗಾಯಿತು. ಬಿರುದುಗಳನ್ನು ಸಂವಿಧಾನದ 18ನೇ ವಿಧಿ ರದ್ದು ಮಾಡಿತು. ರಾಜಧನವನ್ನು 1971ರ 26ನೇ ತಿದ್ದುಪಡಿ ತೆಗೆಯಿತು (ನಮ್ಮ ಕರಾವಳಿಯ ಅರಸರಿಗೆ ಅದು ಮೊದಲೂ ಸಿಕ್ಕಿರಲಿಲ್ಲ ಬಿಡಿ). ಹೀಗೆ ಎಲ್ಲ ಹೋದ ಮೇಲೂ ಪಟ್ಟವನ್ನು ಯಾರೂ ಖಾಲಿ ಬಿಡಲಿಲ್ಲ. ಮೆರವಣಿಗೆಗೆ, ದೈವದ ನೇಮಕ್ಕೆ, ಕಂಬಳಕ್ಕೆ ಮುಂದೆ ನಿಲ್ಲುವ ಒಬ್ಬರು ಬೇಕು. ಅಧಿಕಾರವೇ ಇಲ್ಲದ ಪಟ್ಟಕ್ಕೆ ಆ ಒಬ್ಬರನ್ನು ಆರಿಸುವುದು ಹೇಗೆ ಎಂಬುದು ಮೇಲುನೋಟಕ್ಕೆ ಸಣ್ಣ ಪ್ರಶ್ನೆ. ಜಗಳಗಳು ಮಾತ್ರ ಅದರಿಂದ ದೊಡ್ಡದಾಗಿಯೇ ಹುಟ್ಟುತ್ತವೆ.

ಹಳೆಯ ಕಾಲವನ್ನು ಬರೀ ಸಂತೋಷಕ್ಕಾಗಿ ಆಡಿ ನೋಡುವವರೂ ಇದ್ದಾರೆ. 1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಶುರುವಾದ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೋನಿಸಂ’ ಎಂಬ ಸಂಘದ ಸದಸ್ಯರು ಯುರೋಪಿನ ಮಧ್ಯಯುಗದ ಉಡುಪು ತೊಟ್ಟು ಕವಾಯತು, ಔತಣ, ದರ್ಬಾರು ನಡೆಸುತ್ತಾರೆ. ಅಲ್ಲಿ ರಾಜನಾಗಬೇಕಾದರೆ ಬೆತ್ತದ ಕತ್ತಿ ಹಿಡಿದು ಪಂದ್ಯ ಗೆಲ್ಲಬೇಕು. ಗೆದ್ದವರ ಆಳ್ವಿಕೆಯೂ ಕೆಲವೇ ತಿಂಗಳದು. ಆದರೆ ಊರುಮಟ್ಟದ ಶಾಖೆಯ ಮುಖ್ಯಸ್ಥರನ್ನು, ಅವರು ‘ಬ್ಯಾರನ್’ ಎನ್ನುವವರನ್ನು, ಪಂದ್ಯದಿಂದ ಆರಿಸುವುದಿಲ್ಲ. ಸದಸ್ಯರ ಅಭಿಪ್ರಾಯ ಕೇಳಿ ರಾಜ-ರಾಣಿಯ ಸ್ಥಾನದಲ್ಲಿರುವವರು ನೇಮಿಸುತ್ತಾರೆ. ಆಟವಾದರೂ ಅದರೊಳಗೆ ಎರಡು ಎಚ್ಚರಗಳಿವೆ. ಹೇಗೆ ಆರಿಸುತ್ತೇವೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ಪಟ್ಟ ಯಾರೂ ತಾವೇ ಕಟ್ಟಿಕೊಳ್ಳುವಂಥದ್ದಲ್ಲ. ಅಧಿಕಾರವಿಲ್ಲದ ಪಟ್ಟಕ್ಕೆ ಈ ಎರಡೇ ಸಾಕು, ಅತಿ ಯೋಗ್ಯರನ್ನು ಹುಡುಕುವ ಕೆಲಸ ಬೇಕಿಲ್ಲ ಎಂಬುದು ನನ್ನ ವಾದ. ಇದಕ್ಕೆ ಸಾಕ್ಷಿ ಅಮೆರಿಕಕ್ಕಿಂತ ನಮ್ಮ ಹತ್ತಿರವೇ ಹೆಚ್ಚು ಸಿಗುತ್ತದೆ. ನಮ್ಮಲ್ಲಿ ಇದು ವೇಷವೂ ಅಲ್ಲ, ನಂಬಿಕೆ ಎನ್ನುವುದನ್ನು ಮಾತ್ರ ಮರೆಯಬಾರದು.

ಗುತ್ತಿನ ಗಡಿಯನ್ನೇ ನೋಡಿ. ಅಳಿಯಕಟ್ಟಿನಲ್ಲಿ ಗಡಿ ಮಾವನಿಂದ ಅಳಿಯನಿಗೆ ಇಳಿಯುತ್ತದೆ, ಮಗನಿಗಲ್ಲ. ಆಸ್ತಿಯ ಲೆಕ್ಕವನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬದಲಾಯಿಸಿದರೂ ಎಷ್ಟೋ ಮನೆಗಳಲ್ಲಿ ಗಡಿ ಹಳೆಯ ದಾರಿಯಲ್ಲೇ ಸಾಗಿದೆ. ತನ್ನ ಮಕ್ಕಳಿಗೆ ಸಿಗದ ಪಟ್ಟವನ್ನು ಹಿಡಿದವನಿಗೆ ಅದನ್ನು ಸ್ವಂತಕ್ಕೆ ಬಳಸುವ ಆಸೆ ಕಡಿಮೆಯೇ. ಕುಟುಂಬದವರು ಒಪ್ಪಬೇಕು, ಸುತ್ತಲಿನ ಗುತ್ತಿನವರು ಬರಬೇಕು, ದೈವದ ಎದುರು ಗಡಿಪ್ರಧಾನ ಆಗಬೇಕು. ಆಮೇಲೆ ದೈವ ಕರೆಯುವುದು ಗಡಿನಾಮದಿಂದ, ಹುಟ್ಟಿದ ಹೆಸರಿನಿಂದಲ್ಲ. ಮುಲ್ಕಿಯ ದುಗ್ಗಣ್ಣ ಸಾವಂತ ಎಂಬುದೂ ಅಂಥ ಹೆಸರೇ. ವ್ಯಕ್ತಿ ಯಾರೇ ಆಗಲಿ, ಮನ್ನಣೆ ಸಿಗುವುದು ಪೀಠಕ್ಕೆ.

ಇದಕ್ಕಿಂತಲೂ ಸ್ಪಷ್ಟವಾದ ಕಟ್ಟಳೆ ಉಡುಪಿಯ ಪರ್ಯಾಯದ್ದು. ಅಷ್ಟಮಠಗಳು ಎರಡೆರಡು ತಿಂಗಳಿನಂತೆ ಕೃಷ್ಣಪೂಜೆ ಮಾಡುತ್ತಿದ್ದುದನ್ನು ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ಅಂದರೆ ಒಂದು ಸುತ್ತಿಗೆ 16 ವರ್ಷ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಸರದಿಯನ್ನು ಯಾರ ವಿದ್ವತ್ತೂ ಯಾರ ಹಣವೂ ಹಿಂದೆಮುಂದೆ ಮಾಡುವುದಿಲ್ಲ. ಸಮ ಸಂಖ್ಯೆಯ ವರ್ಷದ ಜನವರಿ 18ರಂದು ಸರದಿಯ ಯತಿಗಳು ಕಾಪು ಬಳಿಯ ದಂಡತೀರ್ಥದಲ್ಲಿ ಮಿಂದು, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಬಂದು, ಹಿಂದಿನವರ ಕೈಯಿಂದ ಅಕ್ಷಯಪಾತ್ರೆ, ಸಟ್ಟುಗ, ಬೀಗದ ಕೈಗಳನ್ನು ಪಡೆಯುತ್ತಾರೆ. ಕೊಡುವವರು ಇನ್ನೊಬ್ಬರು ಎಂಬುದನ್ನು ಗಮನಿಸಿ. ಪಟ್ಟದ ಜೊತೆಗೆ ಹೊರೆಯೂ ಬರುತ್ತದೆ: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳಿಂದ ಶುರುವಾಗಿ ಎರಡು ವರ್ಷ ಪ್ರತಿದಿನ ಬಂದವರಿಗೆಲ್ಲ ಊಟ. ವಿದೇಶ ಪ್ರವಾಸದ ಕಾರಣಕ್ಕೆ 2008ರಲ್ಲಿ ಪುತ್ತಿಗೆ ಶ್ರೀಗಳ ಬಗ್ಗೆ ಇತರ ಮಠಗಳಿಂದ ಆಕ್ಷೇಪ ಬಂದಾಗಲೂ ಸರದಿ ತಪ್ಪಲಿಲ್ಲ, 2024ರಲ್ಲೂ ತಪ್ಪಲಿಲ್ಲ. ಇನ್ನೂ ಕಠಿಣ ಪರೀಕ್ಷೆ ಶೀರೂರಿನದು. 2018ರಲ್ಲಿ ಅಲ್ಲಿನ ಯತಿಗಳು ಉತ್ತರಾಧಿಕಾರಿ ಇಲ್ಲದೆಯೇ ತೀರಿಕೊಂಡರು. ಆಗ ಅದರ ದ್ವಂದ್ವ (ಜೋಡಿ) ಮಠವಾದ ಸೋದೆ ಹೊಸ ಯತಿಯನ್ನು ಆರಿಸಿತು. ಆಯ್ಕೆಯಾದವರ ಎಳೆಯ ವಯಸ್ಸನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ವಜಾ ಮಾಡಿತು. 2026ರ ಪರ್ಯಾಯ ಶೀರೂರಿನದ್ದೇ ಆಯಿತು. ಪೀಠ ಬರಿದಾದ ದಿನ ಯಾರು ಮುಂದೆ ಬರಬೇಕು ಎಂಬುದನ್ನೂ ಹಿಂದಿನವರು ಯೋಚಿಸಿಟ್ಟಿದ್ದರಲ್ಲ, ಜಾಣತನ ಇರುವುದು ಅಲ್ಲಿ.

ಕಟ್ಟಳೆ ಇಲ್ಲದ ಕಡೆ ಏನಾಗುತ್ತದೆ? ಮೈಸೂರು ದಸರಾದಲ್ಲಿ ಕಟ್ಟಳೆ ಇರುವುದು, ಇಲ್ಲದ್ದು ಎರಡನ್ನೂ ನೋಡಬಹುದು. ಒಮ್ಮೆ ಅರಸರು ಕೂರುತ್ತಿದ್ದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿ ಕೂರುತ್ತಾಳೆ. ಆ ಜಾಗಕ್ಕೆ ಪೈಪೋಟಿ ಇಲ್ಲ. ಉದ್ಘಾಟಕರ ಆಯ್ಕೆ ಹಾಗಲ್ಲ. ಅದು ಪ್ರತಿ ವರ್ಷ ಸರ್ಕಾರದ ವಿವೇಚನೆಗೆ ಬಿಟ್ಟದ್ದು. 2025ರಲ್ಲಿ ಬಾನು ಮುಷ್ತಾಕ್ ಅವರ ಆಯ್ಕೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅರ್ಜಿ ವಜಾ ಆದದ್ದು ಸರಿಯೇ. ಅಂತರರಾಷ್ಟ್ರೀಯ ಬೂಕರ್ ಪಡೆದ ಲೇಖಕಿಗೆ ಆ ಗೌರವ ಹೆಚ್ಚಿನದೇನೂ ಅಲ್ಲ. ಆದರೆ ‘ಇವರೇ ಯಾಕೆ’ ಎಂದು ಕೇಳುವವರಿಗೆ ತೋರಿಸಲು ಒಂದು ನಿಯಮ ಇರಲಿಲ್ಲ. ನಮ್ಮೂರುಗಳ ಉತ್ಸವ ಸಮಿತಿಗಳ ಪಾಡು ಇದಕ್ಕಿಂತ ಕಷ್ಟದ್ದು. ಗೌರವಾಧ್ಯಕ್ಷರ ಜಾಗ ದೊಡ್ಡ ದೇಣಿಗೆಗೋ ಮುಂಬೈಯಿಂದ ಬರುವ ಉದ್ಯಮಿಗೋ ಚುನಾವಣೆ ಹತ್ತಿರವಿದ್ದರೆ ಪಕ್ಷದ ಮುಖಂಡರಿಗೋ ಹೋಗುತ್ತದೆ. ಹಣ ಕೊಟ್ಟವರನ್ನು ಗೌರವಿಸಲಿ, ತಪ್ಪಿಲ್ಲ. ಆದರೆ ಊರಿನ ಪರವಾಗಿ ಮುಂದೆ ನಿಲ್ಲುವ ಜಾಗ ಹರಾಜಿನದಲ್ಲ.

ಮತ ಹಾಕಿ ಆರಿಸಬಾರದೇ ಎಂದು ಕೇಳಬಹುದು. ನಿರ್ಧಾರ ಮಾಡುವ ಅಧಿಕಾರವಿದ್ದಲ್ಲಿ ಮತವೇ ಬೇಕು. ಪಂಚಾಯತಿಗೆ, ದೇವಸ್ಥಾನದ ಲೆಕ್ಕ ನೋಡುವ ಸಮಿತಿಗೆ ಸರದಿ ಸಾಲದು. ಮೆರವಣಿಗೆಯ ಮುಂದೆ ನಡೆಯುವವರಿಗೆ ಮತ ಎಣಿಸಿದರೆ ಸೋತ ಅರ್ಧ ಊರು ಹಿಂದೆ ನಡೆಯುವುದಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಹಳೆಯ ಕಟ್ಟಳೆಗಳೆಲ್ಲ ವಂಶದವು, ಜಾತಿಯವು, ಹೆಚ್ಚುಪಾಲು ಗಂಡಸರವು. ಇದು ನಿಜ, ಇದನ್ನು ಸಂಪ್ರದಾಯದ ಹೆಸರಿನಲ್ಲಿ ಮುಚ್ಚಬಾರದು. ಹೆಣ್ಣಿನ ಬಳಿಯನ್ನು (ಕುಲವನ್ನು) ಹಿಡಿದು ಬಂದ ಅಳಿಯಕಟ್ಟಿನಲ್ಲೂ ಗಡಿ ಏರುವವರು ಬಹುಮಟ್ಟಿಗೆ ಗಂಡಸರೇ. ಆದರೆ ಅದೇ ಕಟ್ಟಿನ ಚೌಟ ಮನೆತನದ ಅಬ್ಬಕ್ಕ 16ನೇ ಶತಮಾನದಲ್ಲಿ ಉಳ್ಳಾಲವನ್ನು ಆಳಿ ಪೋರ್ಚುಗೀಸರನ್ನು ಎದುರಿಸಿದಳು. ಹೆಣ್ಣನ್ನು ಹೊರಗಿಟ್ಟದ್ದು ಕಟ್ಟಳೆಯಲ್ಲ, ಅದನ್ನು ನಡೆಸಿದವರು. ಹಾಗಾಗಿ ಹೊಸ ಉತ್ಸವಗಳು ಪರ್ಯಾಯದಿಂದ ಪಡೆಯಬೇಕಾದ್ದು ಸರದಿಯನ್ನು, ಅದರ ಒಳಹೊರಗಿನ ಗೆರೆಯನ್ನಲ್ಲ. ಮೊಗವೀರರ ಪಟ್ಣ, ಬಂಟರ ಗುತ್ತು, ಬಿಲ್ಲವರ ಗರಡಿ, ದಲಿತರ ಕಾಲೊನಿ, ಬ್ಯಾರಿಗಳ ಕೇರಿ ಎಲ್ಲವೂ ಆ ಸುತ್ತಿನಲ್ಲಿ ಇರಬೇಕು, ಹೆಂಗಸರೂ ಇರಬೇಕು. ಬಪ್ಪನಾಡಿನ ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯವೇ ಬಪ್ಪ ಬ್ಯಾರಿಯದ್ದಾಗಿರುವ ಸೀಮೆಯಲ್ಲಿ ಇದು ಯಾರಿಗೂ ಹೊಸ ಮಾತಾಗಬಾರದು.

ಸರದಿಯಲ್ಲಿ ಅಯೋಗ್ಯರು ಬಂದರೆ? ಬರಬಹುದು. ಅವಧಿ ಚಿಕ್ಕದಾಗಿರಲಿ, ಕೈಗೆ ಹಣ ಸಿಗದಿರಲಿ, ಮಾಡಬೇಕಾದ ಕೆಲಸ ಬರಹದಲ್ಲಿರಲಿ. ಮುಂದಿನ ಉತ್ಸವದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಸಮಿತಿಗಳು ಮುಂದಿನ ಹತ್ತು ವರ್ಷದ ಸರದಿಯನ್ನು ಬರೆದು ದೇವಸ್ಥಾನದ ಬಾಗಿಲಿಗೆ ಅಂಟಿಸಲಿ. ಉಡುಪಿಯ ಲೆಕ್ಕ ಹೇಗಿದ್ದರೂ ಬಾಯಿಪಾಠವಿದೆ: 2028ಕ್ಕೆ ಸೋದೆ, 2030ಕ್ಕೆ ಕಾಣಿಯೂರು, 2032ಕ್ಕೆ ಪೇಜಾವರ, 2034ಕ್ಕೆ ಮತ್ತೆ ಪಲಿಮಾರು.