ಹೆಚ್ಚುವರಿ ಪಿನ್ ಮತ್ತು ಅದರ ಮಿತಿ

“ಆರ್ಡುಯಿನೊ ಊನೊದಲ್ಲಿ ಇರೋದೇ 14 ಪಿನ್. ಇನ್ನೂ ಬೇಕಂದ್ರೆ ಮೆಗಾ ಬೋರ್ಡೇ ತಗೋಬೇಕು.” ಹೊಸದಾಗಿ ಈ ಹವ್ಯಾಸಕ್ಕೆ ಬಿದ್ದವರು ಹೀಗೆ ನಂಬಿರುತ್ತಾರೆ. ಲೆಕ್ಕವೇ ತಪ್ಪು. ಎ0ಯಿಂದ ಎ5ರವರೆಗಿನ ಆರು ಅನಲಾಗ್ ಪಿನ್‌ಗಳು ಡಿಜಿಟಲ್ ಕೆಲಸವನ್ನೂ ಮಾಡುತ್ತವೆ, ಅಂದರೆ ಒಟ್ಟು 20. ಅವುಗಳಲ್ಲಿ 0 ಮತ್ತು 1 ಸೀರಿಯಲ್‌ಗೆ ಮೀಸಲು, ಅವನ್ನು ಮುಟ್ಟದಿರುವುದೇ ಕ್ಷೇಮ.

ಅದೂ ಸಾಲದಿದ್ದರೆ 74ಎಚ್‌ಸಿ595 ಎಂಬ ಅಗ್ಗದ ಶಿಫ್ಟ್ ರಿಜಿಸ್ಟರ್ ಇದೆ. ಬೋರ್ಡಿನ 3 ಪಿನ್ ಕೊಟ್ಟರೆ 8 ಔಟ್‌ಪುಟ್ ಸಿಗುತ್ತವೆ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತ ಹೋದರೆ ಅದೇ ಮೂರು ಪಿನ್‌ಗಳಿಂದ 16, 24. ಇದು ಔಟ್‌ಪುಟ್‌ಗಷ್ಟೇ. ಸ್ವಿಚ್ ಓದಲು 74ಎಚ್‌ಸಿ165 ಬೇಕು. ಎರಡೂ ಒಂದೇ ಚಿಪ್‌ನಲ್ಲಿ ಬೇಕೆನ್ನುವವರಿಗೆ ಎಂಸಿಪಿ23017. ಐ2ಸಿಯ ಎರಡು ತಂತಿಗಳ ಮೇಲೆ 16 ಪಿನ್, ವಿಳಾಸ ಬದಲಿಸಿ ಎಂಟು ಚಿಪ್ ಕೂರಿಸಿದರೆ 128. ಆದರೆ ಜಿಪಿಎ7, ಜಿಪಿಬಿ7 ಎರಡನ್ನು ಔಟ್‌ಪುಟ್‌ಗೆ ಮಾತ್ರ ಬಳಸಿ ಎನ್ನುತ್ತದೆ ತಯಾರಕರ ಹೊಸ ಡೇಟಾಶೀಟ್. ಹಳೆಯ ಪಾಠಗಳನ್ನು ನೋಡಿ ವೈರಿಂಗ್ ಮಾಡುವವರು ಇದನ್ನು ಗಮನಿಸಬೇಕು.

“ಸೇರಿಸಿದ ಪಿನ್ನೂ ಬೋರ್ಡಿನ ಪಿನ್ನೂ ಒಂದೇ” ಎಂಬುದು ಇದಕ್ಕಿಂತ ದುಬಾರಿ ತಪ್ಪು. ಡಿಎಚ್‌ಟಿ22 ತೇವಾಂಶ ಸೆನ್ಸರನ್ನೇ ನೋಡಿ. ಅದು ಸೊನ್ನೆ ಹೇಳಲು ತಂತಿಯನ್ನು 26ರಿಂದ 28 ಮೈಕ್ರೊಸೆಕೆಂಡ್ ಎತ್ತಿ ಹಿಡಿಯುತ್ತದೆ, ಒಂದು ಹೇಳಲು 70. ಈ ಅಂತರ ಅಳೆದೇ ಉತ್ತರ ತಿಳಿಯಬೇಕು. ಎಂಸಿಪಿ23017ರ ಪಿನ್ ಒಮ್ಮೆ ಓದಲು ನಾಲ್ಕು ಬೈಟ್ ಓಡಾಡಬೇಕು, ಪ್ರತಿ ಬೈಟಿಗೂ ಒಪ್ಪಿಗೆಯ ಬಿಟ್ ಸೇರಿ ಒಂಬತ್ತು ಬಿಟ್. 100 ಕಿಲೋಹರ್ಟ್ಸ್ ವೇಗದಲ್ಲಿ ಇದಕ್ಕೇ ಸುಮಾರು 360 ಮೈಕ್ರೊಸೆಕೆಂಡ್ ಬೇಕು. ಅಷ್ಟರಲ್ಲಿ ಸೆನ್ಸರ್ ಹಲವು ಬಿಟ್ ಹೇಳಿ ಮುಗಿಸಿರುತ್ತದೆ. ಕೋಡ್ ಎಷ್ಟು ತಿದ್ದಿದರೂ ಇದು ಸರಿಹೋಗದು. ಅವಸರದ ಸೆನ್ಸರ್‌ಗಳಿಗೆ ಬೋರ್ಡಿನದೇ ಪಿನ್ ಕೊಡಿ. ಬಟನ್, ಎಲ್‌ಇಡಿ, ರಿಲೇಗಳನ್ನು ಆಚೆಗೆ ಕಳಿಸಿ, ಅವುಗಳಿಗೆ ಯಾವ ಆತುರವೂ ಇಲ್ಲ. ಸೇರಿಸಿದ ಈ ಪಿನ್‌ಗಳಲ್ಲಿ ಅನಲಾಗ್ ಓದುವಿಕೆ, ಪಿಡಬ್ಲ್ಯುಎಂ ಕೂಡ ಸಿಗುವುದಿಲ್ಲ.

ಇನ್ನು “ಪಿನ್ ಹೆಚ್ಚಿದರೆ ಕರೆಂಟೂ ಹೆಚ್ಚು” ಎಂಬ ಭ್ರಮೆ. 595 ಚಿಪ್ ಒಟ್ಟಾರೆ ತಡೆಯುವ ಮಿತಿಯೇ 70 ಮಿಲಿಆಂಪ್. ತಲಾ 15 ಮಿಲಿಆಂಪಿನ ಎಂಟು ಎಲ್‌ಇಡಿ ಒಟ್ಟಿಗೆ ಉರಿಸಿದರೆ 120 ಆಯಿತು. ಕೆಲವು ದಿನ ಉರಿದೀತು, ಅಷ್ಟಕ್ಕೇ ಅದನ್ನು ಸರಿ ಎನ್ನಲಾಗದು. ಒಂದೋ ರೆಸಿಸ್ಟರ್ ಹೆಚ್ಚಿಸಿ, ಇಲ್ಲವೇ ಯುಎಲ್‌ಎನ್2803 ಡ್ರೈವರ್ ಹಾಕಿ.

ಎಲ್‌ಸಿಡಿ ಹಿಂದೆ ಬೆಸೆದು ಬರುವ ಚಿಕ್ಕ ಐ2ಸಿ ಬೋರ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಪಿಸಿಎಫ್8574, ಎಂದರೆ ಅನೇಕರು ತಮಗೇ ಗೊತ್ತಿಲ್ಲದೆ ಪಿನ್ ವಿಸ್ತರಿಸಿ ಆಗಿದೆ. ಇದೇ ಚಿಪ್ಪಿಗೆ ನೇರ ಎಲ್‌ಇಡಿ ಜೋಡಿಸಿ “ಮಂಕಾಗಿ ಉರೀತಿದೆ, ಚಿಪ್ ಹಾಳು” ಎನ್ನುವವರಿದ್ದಾರೆ. ಹಾಳಾಗಿರುವುದಿಲ್ಲ. ಹೈ ಇದ್ದಾಗ ಅದು ಕೊಡುವುದೇ ಸುಮಾರು 0.1 ಮಿಲಿಆಂಪ್, ಲೋ ಇದ್ದಾಗ 25ರವರೆಗೆ ಎಳೆದುಕೊಳ್ಳಬಲ್ಲದು. 5 ವೋಲ್ಟಿನಿಂದ ರೆಸಿಸ್ಟರ್, ಎಲ್‌ಇಡಿ ದಾಟಿಸಿ ಪಿನ್ನಿಗೆ ಕೊಟ್ಟು, ಕೋಡಿನಲ್ಲಿ ಲೋ ಬರೆದರೆ ಉರಿಯುವಂತೆ ಮಾಡಿ.